ಬ್ಯಾಟರಿ ಸೈಕಲ್ಲಿನ ಸುಖ ಹವಾದಾಗ ಐತಿ

ಬ್ಯಾಟರಿ ಸೈಕಲ್ ಕೊಂಡು ಒಂದೆರಡು ತಿಂಗಳಾದವರನ್ನು ಬಾಗಲಕೋಟೆಯ ನವನಗರದಲ್ಲಿ ಮಾತಾಡಿಸಿದರೆ ಚಾರ್ಜಿನ ಸುದ್ದಿ ಬೇಗ ಮುಗಿದುಹೋಗುತ್ತದೆ. "ಚಾರ್ಜ್ ಏನ್ ಚಲೋ ಬರತೈತ್ರಿ, ಆದ್ರ ನಡಾ ಹಿಡೀತೈತ್ರಿ" ಎನ್ನುತ್ತಾರೆ. ಕೆಲವರಿಗೆ ಅಂಗೈ ಜೋಮು ಹಿಡಿಯುತ್ತದೆ, ಕೆಲವರಿಗೆ ಸೀಟು ಒತ್ತುತ್ತದೆ. ವರ್ಷ ತುಂಬುವುದರೊಳಗೆ ಎಷ್ಟೋ ಸೈಕಲ್ಲುಗಳು ಮೆಟ್ಟಿಲ ಕೆಳಗೆ ದೂಳು ಹಿಡಿಯುತ್ತವೆ, ಅವುಗಳ ಯಜಮಾನರು ಮತ್ತೆ ಸ್ಕೂಟರ್ ಹತ್ತಿರುತ್ತಾರೆ. ಇದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಈ ನೋವಿನ ಬಹುಪಾಲನ್ನು ಪಂಚರ್ ಅಂಗಡಿಯಲ್ಲಿ, ಒಂದು ಪಾನಾ ಮತ್ತು ಒಂದು ಹವಾ ಮೀಟರಿನಿಂದ ಕಳೆಯಬಹುದು. ಹಾಗೆಂದು ಮಾರುವವರೂ ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ.

ಈ ಊರಿಗೆ ಒಪ್ಪುವ ಗಾಡಿ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ಏರಿಬಂದು ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಮುಳುಗಿಸುವುದಿತ್ತು. ಆ ಮಂದಿಗಾಗಿ ಎತ್ತರದ ಬಯಲಿನಲ್ಲಿ ಕಟ್ಟಿದ ಊರು ನವನಗರ. 1980ರ ದಶಕದಲ್ಲಿ ಇದರ ನಕ್ಷೆಗೆ ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿ ಕೆಲಸ ಮಾಡಿದ್ದರು. ಊರು ಸೆಕ್ಟರು, ಯುನಿಟ್ಟುಗಳಾಗಿ ಹರಡಿಕೊಂಡಿತು. ಬದುಕು ಮಾತ್ರ ಒಂದೇ ಕಡೆ ನೆಲೆಸಲಿಲ್ಲ. ಮನೆ ನವನಗರದಲ್ಲಿ, ಮಕ್ಕಳ ಕಾಲೇಜು ವಿದ್ಯಾಗಿರಿಯಲ್ಲಿ, ಸಂತೆ-ಪೇಟೆ, ಬೀಗರು-ಬಿಜ್ಜರು ಹಳೆ ಊರಲ್ಲಿ. ಕಚೇರಿಯ ಕೆಲಸಕ್ಕೆ ಜಿಲ್ಲಾಡಳಿತ ಭವನ, ನೌಕರಿಗೆ ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯ. ಹೋಗಿ ಬರುವುದು ಸೇರಿ ಹತ್ತು ಹನ್ನೆರಡು ಕಿಲೋಮೀಟರಿನ ಬದುಕು ಇದು. ನಡೆಯಲು ದೂರ, ಪೆಟ್ರೋಲು ಸುಡಲು ತೀರ ಹತ್ತಿರ. 250 ವ್ಯಾಟಿನೊಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರಿನೊಳಗಿನ ವೇಗ ಇದ್ದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬೆವರಿಳಿಯದೆ ಆಫೀಸು ಮುಟ್ಟಬಹುದು. ಇಷ್ಟೆಲ್ಲ ಅನುಕೂಲವಿರುವ ಸೈಕಲ್ಲು ನಡುನೋವಿನ ಕಾರಣಕ್ಕೆ ಮೂಲೆ ಸೇರಬಾರದು.

ಸಾದಾ ಸೈಕಲ್ಲಿನ ಮೇಲೆ ಇಷ್ಟು ನೋಯದ ಮೈ ಬ್ಯಾಟರಿ ಸೈಕಲ್ಲಿನ ಮೇಲೆ ಯಾಕೆ ನೋಯುತ್ತದೆ? ಮೊದಲ ಕಾರಣ ಕಾಲು. ಪೆಡಲನ್ನು ಬಲವಾಗಿ ತುಳಿಯುವಾಗ ಮೈಭಾರದ ಒಂದು ಪಾಲು ಕಾಲಿನ ಮೂಲಕ ಪೆಡಲಿಗೆ ಇಳಿಯುತ್ತದೆ, ಅಷ್ಟರಮಟ್ಟಿಗೆ ಸೀಟು ಹಗುರಾಗುತ್ತದೆ. ತಗ್ಗು ಬಂದರೆ ತುಳಿಯುವವನು ಯೋಚಿಸದೆಯೇ ಒಂದಿಷ್ಟು ಮೇಲೇಳುತ್ತಾನೆ, ಮೊಣಕಾಲು ಮಡಚಿ ಏಟನ್ನು ನುಂಗುತ್ತದೆ. ಮೋಟಾರು ಎಳೆಯತೊಡಗಿದ ಮೇಲೆ ಕಾಲಿಗೆ ಕೆಲಸ ಉಳಿಯುವುದಿಲ್ಲ. ಆಕ್ಸಿಲೇಟರ್ ತಿರುವಿ ಕೂತವನು ಕ್ಯಾರಿಯರಿಗೆ ಬಿಗಿದ ಜೋಳದ ಚೀಲದ ಹಾಗೆ ಪೂರ್ತಿ ಭಾರವನ್ನು ಸೀಟಿಗೆ ಒಪ್ಪಿಸಿಬಿಡುತ್ತಾನೆ. ರಸ್ತೆಯ ಏಟು ನೇರ ಬೆನ್ನುಮೂಳೆಗೆ ಹೋಗುತ್ತದೆ.

ಎರಡನೆಯದು ವೇಗ. ಸಾದಾ ಸೈಕಲ್ಲಿನವರು ಪೇಟೆಯಲ್ಲಿ ಗಂಟೆಗೆ 12 ಕಿಲೋಮೀಟರಿನಂತೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ, ಬ್ಯಾಟರಿ ಸೈಕಲ್ಲಿನವರು 24ರಂತೆ. ಅದೇ ತಗ್ಗಿನ ಅಂಚು ಗಾಲಿಯನ್ನು ಎರಡು ಪಟ್ಟು ಜೋರಾಗಿ ಮೇಲಕ್ಕೆಸೆಯುತ್ತದೆ, ಆ ಎಸೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೂರನೆಯದು ಭಾರ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಮಾದರಿಗಳಲ್ಲಿ ಮೋಟಾರು ಹಿಂದಿನ ಗಾಲಿಯ ನಡುವೆ ಇರುತ್ತದೆ. ಅದೊಂದೇ ಎರಡೂವರೆ ಮೂರು ಕಿಲೋ ತೂಗುತ್ತದೆ. ಕಲ್ಲು ಎದುರಾದಾಗ ಹಗುರ ಗಾಲಿ ಪಟ್ಟನೆ ಎದ್ದು ದಾಟುತ್ತದೆ. ಭಾರದ ಗಾಲಿ ಏಳಲು ಒಲ್ಲದೆ ಗುದ್ದುತ್ತದೆ, ಗುದ್ದಿದ್ದು ಸೀಟಿಗೆ ಬರುತ್ತದೆ. ಆ ಮೋಟಾರಿಗೂ ನೆಲಕ್ಕೂ ನಡುವೆ ಸ್ಪ್ರಿಂಗಿನ ಕೆಲಸ ಮಾಡುವುದು ಟೈರಿನ ಹವಾ ಒಂದೇ.

ನಮ್ಮ ರಸ್ತೆಗಳ ಕುಲುಕಾಟದಲ್ಲಿಯೂ ಬಗೆಗಳಿವೆ. ಇದನ್ನು ತಿಳಿದುಕೊಂಡರೆ ಯಾವ ನೋವಿಗೆ ಯಾವ ಮದ್ದು ಎಂಬುದು ಗೊತ್ತಾಗುತ್ತದೆ. ಪೇವರ್ ಬ್ಲಾಕ್ ಹಾಸಿದ ಕಡೆ ಸುಮಾರು 20 ಸೆಂಟಿಮೀಟರಿಗೊಂದು ಸಂದು ಬರುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 7 ಮೀಟರು, ಅಂದರೆ ಸೆಕೆಂಡಿಗೆ 35 ಸಣ್ಣ ಏಟು. ಅಂಗೈ ಜೋಮು ಹಿಡಿಸುವುದು ಇಂಥ ನಡುಕವೇ. ಟಾರು ಕಿತ್ತು ತೇಪೆ ಹಾಕಿದ ರಸ್ತೆಯಲ್ಲಿ, ಪೈಪಿಗಾಗಿ ಅಗೆದು ಮುಚ್ಚಿದ ಕಡೆಗಳಲ್ಲಿ, ಉಬ್ಬುತಗ್ಗು ಒಂದು ಮೀಟರಿಗೋ ಒಂದೂವರೆ ಮೀಟರಿಗೋ ಒಂದರಂತೆ ಬಂದರೆ ಸೆಕೆಂಡಿಗೆ ನಾಲ್ಕೂವರೆಯಿಂದ ಏಳು ಸಲದ ಕುಲುಕು ಹುಟ್ಟುತ್ತದೆ. ಕೂತ ಮನುಷ್ಯನ ಮೈ ಮೇಲೆ-ಕೆಳಗಿನ ಅಲುಗಾಟವನ್ನು ಸಹಿಸದೇ ಇರುವುದು ಸರಿಯಾಗಿ ಇದೇ ಮಿತಿಯಲ್ಲಿ. ಹೊಟ್ಟೆ, ನಡು, ಬೆನ್ನುಮೂಳೆ ಎಲ್ಲವೂ ಆ ಲಯಕ್ಕೆ ತಾವೂ ಸೇರಿ ಅಲುಗುತ್ತವೆ. ಟ್ರ್ಯಾಕ್ಟರ್ ಓಡಿಸುವವರಿಗೆ ನಡುನೋವು ಅಂಟಿಕೊಳ್ಳುವುದರ ಹಿಂದೆ ಇದೇ ಬಗೆಯ ಕುಲುಕಾಟವಿದೆ. ಇನ್ನು ಎರೆಭೂಮಿಯ ಮೇಲೆ ಹಾದ ರಸ್ತೆಗಳು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿದು ಕುಗ್ಗುತ್ತದೆ, ಮೇಲಿನ ಟಾರು ಅಲೆಅಲೆಯಾಗುತ್ತದೆ. ಆ ಉದ್ದನೆಯ ಅಲೆ ಮೈಯನ್ನು ತೂಗುತ್ತದೆ, ನೋಯಿಸುವುದು ಕಡಿಮೆ. ಪೇವರಿನ ನಡುಕ ಟೈರಿನಲ್ಲೇ ಸಾಯಬೇಕು. ತೇಪೆಯ ಕುಲುಕಿಗೆ ಟೈರಿನ ಜೊತೆ ಸೀಟಿನ ಕೆಳಗೂ ಏನಾದರೂ ಬೇಕು, ಅಥವಾ ಮೊಣಕಾಲಿಗೆ ಕೆಲಸ ಕೊಡಬೇಕು.

ಹಾಗಾಗಿ ಮೊದಲ ಮಾತು ಹವಾದ್ದು. ಹವಾ ತುಂಬಿದ ಟೈರು ಹುಟ್ಟಿದ್ದೇ ಸುಖದ ಸಲುವಾಗಿ. 1888ರಲ್ಲಿ ಬೆಲ್‌ಫಾಸ್ಟ್ ಊರಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿನ ಕುಲುಕಾಟ ನೋಡಲಾಗದೆ ಅದರ ಗಾಲಿಗೆ ಹವಾ ತುಂಬಿದ ರಬ್ಬರ್ ಕೊಳವೆ ಸುತ್ತಿದ. ಮುಂದಿನ ವರ್ಷ ಅದೇ ಊರಿನ ಪಂದ್ಯದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಆ ಟೈರು ಹಾಕಿಕೊಂಡು ಗಟ್ಟಿ ರಬ್ಬರಿನ ಸೈಕಲ್ಲುಗಳನ್ನೆಲ್ಲ ಹಿಂದೆ ಹಾಕಿದ. ಮೆತ್ತಗಿದ್ದದ್ದೇ ವೇಗದ್ದೂ ಆಯಿತು. ಒರಟು ನೆಲದ ಮೇಲೆ ಗಟ್ಟಿ ಗಾಲಿ ಪುಟಿಯುತ್ತಾ ಹೋಗುತ್ತದೆ, ಪ್ರತಿ ಪುಟಿತಕ್ಕೂ ಮುಂದೆ ಹೋಗಬೇಕಾದ ಶಕ್ತಿಯಲ್ಲಿ ಒಂದಿಷ್ಟು ಸವಾರನ ಮೈಯನ್ನು ಅಲುಗಿಸಿ ವ್ಯರ್ಥವಾಗುತ್ತದೆ. ಹವಾ ಕಡಿಮೆ ಮಾಡಿದರೆ ಬ್ಯಾಟರಿ ಬೇಗ ಇಳಿಯುತ್ತದೆ ಎಂದು ಹೆದರುವವರು ಇದನ್ನು ನೆನಪಿಡಬೇಕು. ನುಣ್ಣನೆಯ ಹೆದ್ದಾರಿಯಲ್ಲಿ ಆ ಹೆದರಿಕೆಗೆ ತುಸು ಅರ್ಥವಿದೆ. ಸೆಕ್ಟರಿನ ಒಳರಸ್ತೆಗಳಲ್ಲಿ ಇಲ್ಲ.

ನಮ್ಮ ಅಭ್ಯಾಸ ಇದಕ್ಕೆ ತದ್ವಿರುದ್ಧ. ಪಂಚರ್ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ "ಹವಾ ಹೊಡೀರಿ" ಎಂದರೆ ಕಂಪ್ರೆಸರಿನ ಪೈಪು ಹಚ್ಚಿ, ಹೆಬ್ಬೆರಳಿನಿಂದ ಟೈರು ಒತ್ತಿ, ಅದು ಕಲ್ಲಿನಂತೆ ಆದಮೇಲೆ ಕೈಬಿಡುತ್ತಾರೆ. ಹೊಡೆಸಿಕೊಂಡವನಿಗೂ ತೃಪ್ತಿ, ಹೊಡೆದವನಿಗೂ ತೃಪ್ತಿ. ಒಂದು ಲೆಕ್ಕ ನೋಡಿ. ಸವಾರ ಮತ್ತು ಸೈಕಲ್ ಸೇರಿ 100 ಕಿಲೋ ಎಂದುಕೊಂಡರೆ ಸುಮಾರು 60 ಕಿಲೋ ಹಿಂದಿನ ಗಾಲಿಯ ಮೇಲೆ ಇರುತ್ತದೆ. ಹವಾ 60 ಪಿಎಸ್‌ಐ ಇದ್ದರೆ ಆ ಭಾರ ಹೊರಲು ಟೈರು ನೆಲಕ್ಕೆ ತಾಗಿಸುವ ಜಾಗ ಹತ್ತಿರ ಹತ್ತಿರ 14 ಚದರ ಸೆಂಟಿಮೀಟರು, 40 ಇದ್ದರೆ 21. ತಾಗುವ ಜಾಗ ಒಂದೂವರೆ ಪಟ್ಟಾಯಿತು. ಸಣ್ಣ ಕಲ್ಲು, ಪೇವರಿನ ಸಂದು ಈಗ ಟೈರಿನೊಳಕ್ಕೆ ತುಸು ಮುಳುಗಿ ಹೋಗುತ್ತವೆ, ಗಾಲಿಯನ್ನು ಎತ್ತಿ ಒಗೆಯುವುದಿಲ್ಲ.

ಸರಿಯಾದ ಹವಾ ಎಷ್ಟು? ಅಮೆರಿಕದ ಸೈಕಲ್ ತಂತ್ರಜ್ಞ ಫ್ರಾಂಕ್ ಬರ್ಟೊ ಕೊಟ್ಟ ಒಂದು ಅಳತೆ ಮನೆಯಲ್ಲೇ ನೋಡಲು ಬರುತ್ತದೆ. ಸವಾರ ಕೂತಾಗ ಟೈರಿನ ಎತ್ತರ ಶೇ. 15ರಷ್ಟು ಕುಸಿಯಬೇಕು. ಎರಡಿಂಚಿನ ಟೈರಿಗೆ ಅದು ಸುಮಾರು ಏಳೂವರೆ ಮಿಲಿಮೀಟರು ಮಾತ್ರ. ಸೈಕಲ್ಲನ್ನು ಗೋಡೆಯ ಪಕ್ಕ ನಿಲ್ಲಿಸಿ ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಿಂದ ನೆಲದಿಂದ ರಿಮ್ಮಿನ ಅಂಚಿನವರೆಗೆ ಅಳೆಯಿರಿ. ನಂತರ ನೀವು ಕೂತು, ಗೋಡೆಗೆ ಮೊಣಕೈ ಆನಿಸಿ, ಮನೆಯವರಿಗೆ ಮತ್ತೊಮ್ಮೆ ಅಳೆಯಲು ಹೇಳಿ. ಅಳತೆ ಎರಡೇ ಮಿಲಿಮೀಟರು ಇಳಿದಿದ್ದರೆ ಹವಾ ವಿಪರೀತ ಹೆಚ್ಚಿದೆ ಎಂದರ್ಥ. ಎರಡಿಂಚಿನ ಆಸುಪಾಸಿನ ಟೈರು, ಎಪ್ಪತ್ತು ಎಪ್ಪತ್ತೈದು ಕಿಲೋ ತೂಕದ ಮನುಷ್ಯ ಎಂದರೆ ಹಿಂದೆ 40ರಿಂದ 45, ಮುಂದೆ 35ರ ಸುಮಾರಿಗೆ ಶುರುಮಾಡಿ ನೋಡಬಹುದು. ಟೈರಿನ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಎರಡೂ ಅಚ್ಚಾಗಿದ್ದರೆ ಕನಿಷ್ಠದ ಕೆಳಗೆ ಹೋಗಬಾರದು. ಮುಂದೆ ಹಿಂದೆ ಎರಡಕ್ಕೂ ಒಂದೇ ಹವಾ ತುಂಬುವುದು ಮಾತ್ರ ತಪ್ಪು, ಮುಂದಿನ ಗಾಲಿಯ ಮೇಲೆ ಅಷ್ಟು ಭಾರವೇ ಇರುವುದಿಲ್ಲ. ಮುಂದಿನ ಹವಾ ಇಳಿಸಿದರೆ ಅಂಗೈ ನೋವಿನ ಅರ್ಧ ಅಲ್ಲೇ ಹೋಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ನಸುಕಿನ ತಂಪಿನಲ್ಲಿ 40 ಹೊಡೆದ ಟೈರು ಮಧ್ಯಾಹ್ನ ಬಿಸಿಲಿಗೆ ನಿಂತು 30 ಡಿಗ್ರಿ ಹೆಚ್ಚು ಕಾದರೆ 45 ದಾಟುತ್ತದೆ. ಹವಾ ನೋಡುವುದಾದರೆ ಬೆಳಿಗ್ಗೆಯೇ ನೋಡಬೇಕು, ಸಾಧ್ಯವಾದರೆ ನೆರಳಿನಲ್ಲಿ ನಿಲ್ಲಿಸಬೇಕು. ಮೀಟರ್ ಇರುವ ಕೈಪಂಪು ಮನೆಯಲ್ಲಿ ಒಂದಿದ್ದರೆ ಬಲು ಅನುಕೂಲ. ಬ್ಯಾಟರಿ ಸೈಕಲ್ಲಿಗೆ ಜೊತೆಯಾಗಿ ಒಂದೇ ಒಂದು ವಸ್ತು ಕೊಳ್ಳುವುದಾದರೆ ಅದು ಈ ಪಂಪೇ ಆಗಿರಲಿ.

ಹವಾ ತೀರ ಇಳಿಸುವುದೂ ಸಲ್ಲದು. ತಗ್ಗಿನ ಅಂಚಿಗೆ ಗಾಲಿ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ. ನಮ್ಮ ಕಡೆಯ ಜಾಲಿಮುಳ್ಳಿನ ತೂತು ಒಂಟಿ, ಇದು ಜೋಡಿ. ಪಂಚರ್ ತೆಗೆಯುವವರು ನೀರಿನ ಬೋಗುಣಿಯಲ್ಲಿ ಟ್ಯೂಬು ಅದ್ದಿ ಗುಳ್ಳೆ ನೋಡಿದ ಕೂಡಲೇ ಹೇಳಿಬಿಡುತ್ತಾರೆ: "ಇದು ಮುಳ್ಳಲ್ರಿ ಅಣ್ಣಾರ, ಹವಾ ಕಮ್ಮಿ ಇತ್ತು." ಮೋಟಾರು ಇರುವ ಗಾಲಿಯ ಪಂಚರ್ ಎಂದರೆ ಕೆಲವು ಅಂಗಡಿಯವರು ಹಿಂದೇಟು ಹಾಕುತ್ತಾರೆ, ವೈರು ಬಿಚ್ಚಬೇಕು, ನಟ್ಟು ದೊಡ್ಡದು ಎಂದು. ಗಾಲಿ ಬಿಚ್ಚುವ ಅಗತ್ಯವೇ ಇಲ್ಲ. ಟೈರಿನ ಒಂದು ಬದಿ ಎಬ್ಬಿಸಿ, ಆ ಕಡೆಯಿಂದ ಟ್ಯೂಬು ಎಳೆದು, ಉಜ್ಜಿ ತೇಪೆ ಹಚ್ಚಿ ಒಳಗೆ ಸೇರಿಸಬಹುದು. ಹಳೆ ಸೈಕಲ್ಲುಗಳಿಗೆ ತಲೆತಲಾಂತರದಿಂದ ಮಾಡಿಕೊಂಡು ಬಂದ ಕೈಕೆಲಸ ಇಲ್ಲಿಯೂ ಸಾಕು. ಟ್ಯೂಬನ್ನೇ ಬದಲಿಸಲು ಗಾಲಿ ಬಿಚ್ಚಲೇಬೇಕಾದಾಗ ಮಾತ್ರ ಅಚ್ಚಿನ ಎರಡು ಕಡೆಯ ವಾಷರುಗಳು ಯಾವ ಕ್ರಮದಲ್ಲಿದ್ದವು, ಕೊಕ್ಕೆ ಯಾವ ಕಡೆ ಮುಖ ಮಾಡಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆ ಕೊಕ್ಕೆಯ ವಾಷರು ಅಚ್ಚನ್ನು ಫ್ರೇಮಿನೊಳಗೆ ತಿರುಗದಂತೆ ಹಿಡಿಯುವಂಥದ್ದು. ಅದು ತಪ್ಪಿ ಕೂತರೆ ಮೋಟಾರು ತನ್ನ ವೈರನ್ನು ತಾನೇ ಹರಿದುಕೊಳ್ಳುತ್ತದೆ.

ಈಗ ಮುಂದಿನ ಗಾಲಿಯ ಶಾಕ್ ಅಬ್ಸಾರ್ಬರಿನ ವಿಷಯ. ಅಂಗಡಿಯಲ್ಲಿ ಹುಡುಗರ ಕಣ್ಣು ಮೊದಲು ಹೋಗುವುದು ಅದಕ್ಕೇ. ಅಗ್ಗದ ಸೈಕಲ್ಲುಗಳಲ್ಲಿ ಬರುವ ಸ್ಪ್ರಿಂಗ್ ಫೋರ್ಕನ್ನು ಕೊಳ್ಳಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಒಳಗಿನ ಕೊಳವೆಗಳ ಉಜ್ಜಾಟ ಎಷ್ಟಿರುತ್ತದೆಂದರೆ, ದೊಡ್ಡ ತಗ್ಗಿಗೆ ಅದು ಕುಸಿಯುತ್ತದೆಯೇ ಹೊರತು ಪೇವರಿನಂಥ ಸಣ್ಣ ನಡುಕಕ್ಕೆ ಜಗ್ಗುವುದೇ ಇಲ್ಲ. ಕಿಲೋಗಟ್ಟಲೆ ಭಾರ ಮಾತ್ರ ಖಾಯಂ. ಎರಡು ಬೇಸಿಗೆಯ ಕೆಂಧೂಳು ಕುಡಿದ ಮೇಲೆ ಅದೂ ಬಿಗಿದುಕೊಳ್ಳುತ್ತದೆ. ಮೇಲಾಗಿ ಅದು ಕೈಯನ್ನು ಕಾಯುವಂಥದ್ದು, ನಡುವಿಗೆ ಅದರಿಂದ ಆಗುವ ಉಪಕಾರ ಕಡಿಮೆ. ಅದೇ ದುಡ್ಡಿಗೆ ಗಟ್ಟಿ ಫೋರ್ಕು, ಅಗಲ ಟೈರು ಇರುವ ಸೈಕಲ್ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಕೊಳ್ಳಬೇಕು. ಈಗಾಗಲೇ ಸೈಕಲ್ ಇದ್ದವರು ಫೋರ್ಕಿನ ನಡುವೆ, ಮಡ್‌ಗಾರ್ಡಿನ ಕೆಳಗೆ ಎಷ್ಟು ಜಾಗವಿದೆ ನೋಡಿ, ಹಿಡಿಸುವಷ್ಟು ದಪ್ಪ ಟೈರು ಹಾಕಿಸಿಕೊಳ್ಳಬಹುದು. ಒಂದೂವರೆ ಇಂಚಿನಿಂದ ಎರಡಿಂಚಿಗೆ ಹೋದರೂ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಸೀಟಿನ ಮಾತಿಗೆ ಬಂದರೆ, ನಾವು ನೆಟ್ಟಗೆ ಕೂತು ಸೈಕಲ್ ಹೊಡೆದ ಜನ. ಅಪ್ಪನ ಕಾಲದ 28 ಇಂಚಿನ ಸೈಕಲ್ಲಿಗೆ ಹ್ಯಾಂಡಲ್ ಎತ್ತರ, ಸೀಟು ಅಗಲ, ಸೀಟಿನ ಕೆಳಗೆ ಎರಡು ಸುರುಳಿ ಸ್ಪ್ರಿಂಗು. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲೂ ನೆಟ್ಟಗೆ ಕೂರುವ ಜಾತಿಯದೇ. ಬ್ಯಾಟರಿ ಸೈಕಲ್ಲುಗಳ ಬಹಳ ಮಾದರಿಗಳು ಗುಡ್ಡ ಹತ್ತುವ ಸೈಕಲ್ಲಿನ ವೇಷದಲ್ಲಿ ಬರುತ್ತವೆ. ಹ್ಯಾಂಡಲ್ ತಗ್ಗಿನಲ್ಲಿ, ದೂರದಲ್ಲಿ, ಸೀಟು ಕಿರಿದು. ಆ ಕಿರಿದು ಸೀಟು ಮುಂದಕ್ಕೆ ಬಾಗಿ ಜೋರಾಗಿ ತುಳಿಯುವವನಿಗೆಂದು ಮಾಡಿದ್ದು. ಅವನ ಭಾರ ಕೈ, ಕಾಲು, ಸೀಟಿಗೆ ಹಂಚಿಹೋಗುತ್ತದೆ. ಅದೇ ಸೀಟಿನ ಮೇಲೆ ಐವತ್ತು ದಾಟಿದ ಮಾಸ್ತರರು ನೆಟ್ಟಗೆ ಕೂತು ಮೋಟಾರಿನ ಬಲದಲ್ಲಿ ಹೋದರೆ ಕೂರುವ ಎಲುಬುಗಳೆರಡೂ ಅಂಚಿನಿಂದ ಹೊರಗೆ ಚಾಚಿ, ಭಾರವೆಲ್ಲ ನಡುವಿನ ಮೆತ್ತನೆಯ ಭಾಗಕ್ಕೆ ಬೀಳುತ್ತದೆ. ಮೇಲೆ ಜೆಲ್ ಕವರು ಹಾಕಿದರೆ ಮೊದಲ ಹತ್ತು ನಿಮಿಷ ಹಾಯೆನಿಸುತ್ತದೆ. ಆಮೇಲೆ ಜೆಲ್ಲು ಪಕ್ಕಕ್ಕೆ ಸರಿದು ನಡುವೆ ಇನ್ನಷ್ಟು ಒತ್ತುತ್ತದೆ. ಬೇಕಾದದ್ದು ಅಗಲ, ಒಳಗೆ ತುಸು ಗಟ್ಟಿ ಸ್ಪಂಜು, ಕೆಳಗೆ ಸ್ಪ್ರಿಂಗು. ಹಳೆ ಊರಿನ ಸೈಕಲ್ ಅಂಗಡಿಗಳಲ್ಲಿ ಅಂಥ ಸೀಟು ಇಂದಿಗೂ ಕಡಿಮೆ ಬೆಲೆಗೆ ಸಿಗುತ್ತದೆ.

ಎತ್ತರವನ್ನು ಹೀಗೆ ನೋಡಿ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿನಲ್ಲಿ ಸರಿಯಾದ ಸಣ್ಣ ಬಾಗು ಉಳಿಯುತ್ತದೆ. ಎರಡೂ ಪಾದ ನೆಲಕ್ಕೆ ಊರಲಿ ಎಂದು ಸೀಟು ತೀರ ಇಳಿಸಿಕೊಂಡವರಿಗೆ ತುಳಿಯಲೂ ಬರುವುದಿಲ್ಲ, ತಗ್ಗಿನಲ್ಲಿ ಮೇಲೇಳಲೂ ಬರುವುದಿಲ್ಲ. ಹ್ಯಾಂಡಲ್ಲನ್ನು ಮೇಲೆತ್ತಲು ಬೇರೆ ಸ್ಟೆಮ್ಮು, ಇಲ್ಲವೇ ಮೇಲಕ್ಕೆ ಬಾಗಿದ ಹ್ಯಾಂಡಲ್ ಸಿಗುತ್ತದೆ. ಎತ್ತಿಸುವಾಗ ಬ್ರೇಕಿನ ಮತ್ತು ಡಿಸ್‌ಪ್ಲೇಯ ವೈರುಗಳ ಉದ್ದ ಸಾಲುತ್ತದೆಯೇ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಅವು ಜಗ್ಗುತ್ತವೆಯೇ ಎಂದು ನೋಡಬೇಕು. ಸೀರೆ ಉಡುವವರಿಗೆ, ಕಾಲೆತ್ತಿ ದಾಟಲು ಕಷ್ಟಪಡುವ ಹಿರಿಯರಿಗೆ ನಡುದಂಡ ತಗ್ಗಿರುವ ಲೇಡೀಸ್ ಸೈಕಲ್ಲಿನ ಮಾದರಿಯೇ ಸರಿ. ಗಂಡಸರು ಅದರಲ್ಲಿ ಕೂತರೆ ಏನೋ ಕಡಿಮೆಯಾಗುತ್ತದೆ ಎಂಬ ಭಾವನೆಯನ್ನು ಬಿಟ್ಟುಬಿಡಬೇಕು.

ಇಷ್ಟಾದ ಮೇಲೂ ತೇಪೆ ರಸ್ತೆಯ ಕುಲುಕು ನಡುವಿಗೆ ಬಡಿಯುತ್ತಿದ್ದರೆ, ಆಗ ದುಡ್ಡು ಹಾಕುವ ಜಾಗ ಸೀಟಿನ ಕಂಬ. ಒಳಗೆ ಸ್ಪ್ರಿಂಗ್ ಇರುವ ಕಂಬಗಳು ಸಿಗುತ್ತವೆ, ಮೂರ್ನಾಲ್ಕು ಸೆಂಟಿಮೀಟರು ಕುಸಿಯುವಂಥವು. ಕೊಳ್ಳುವ ಮೊದಲು ಹಳೆ ಕಂಬವನ್ನು ಹೊರಗೆಳೆದು ಅದರ ಮೇಲೆ ಕೊರೆದ ಅಂಕಿ ನೋಡಿ, 27.2, 30.4, 30.9, 31.6 ಹೀಗೆ ಇರುತ್ತದೆ. ಅರ್ಧ ಮಿಲಿಮೀಟರು ತಪ್ಪಿದರೂ ಕೂರುವುದಿಲ್ಲ, ಬಲವಂತ ಮಾಡಿದರೆ ಫ್ರೇಮು ಸೀಳುತ್ತದೆ. ಹೊಸ ಕಂಬದ ತಳದಲ್ಲಿ ಒಂದು ಸ್ಕ್ರೂ ಇರುತ್ತದೆ. ಅದನ್ನು ತಿರುವಿ, ನೀವು ಕೂತಾಗ ಒಟ್ಟು ಕುಸಿತದ ಕಾಲು ಭಾಗ ಇಳಿಯುವಂತೆ ಸ್ಪ್ರಿಂಗನ್ನು ಬಿಗಿ ಅಥವಾ ಸಡಿಲ ಮಾಡಬೇಕು. ಪೆಟ್ಟಿಗೆಯಿಂದ ತೆಗೆದ ಹಾಗೇ ಹಾಕಿಕೊಂಡವರಿಗೆ, ಅದರಲ್ಲೂ ಹಗುರ ಮೈಯವರಿಗೆ, ಅದು ಅಲುಗುವುದೇ ಇಲ್ಲ. "ಸುಮ್ನ ರೊಕ್ಕಾ ಹೋತು" ಎನ್ನುತ್ತಾರೆ.

ಮೋಟಾರಿನ ಜಗ್ಗಾಟವೂ ಸುಖವನ್ನು ಕೆಡಿಸುತ್ತದೆ. ಅಗ್ಗದ ಮಾದರಿಗಳಲ್ಲಿ ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಎಂಬುದಷ್ಟೇ ಸೆನ್ಸರಿಗೆ ತಿಳಿಯುತ್ತದೆ, ಎಷ್ಟು ಬಲವಾಗಿ ತುಳಿದಿರಿ ಎಂದು ತಿಳಿಯುವುದಿಲ್ಲ. ಹಾಗಾಗಿ ಅರ್ಧ ಸುತ್ತು ಏನೂ ಆಗದೆ, ಆಮೇಲೆ ಒಮ್ಮೆಲೆ ಎಳೆಯುತ್ತದೆ. ಪೇಟೆಯ ಗದ್ದಲದಲ್ಲಿ ಮತ್ತೆ ಮತ್ತೆ ಹೀಗಾದರೆ ಕುತ್ತಿಗೆ, ಭುಜ ಸೋಲುತ್ತವೆ. ನೆರವಿನ ಮಟ್ಟವನ್ನು ಒಂದಕ್ಕೆ ಇಳಿಸಿ ಹೊರಟು, ಓಟ ಹಿಡಿದ ಮೇಲೆ ಏರಿಸಿಕೊಳ್ಳಬೇಕು. ಆಕ್ಸಿಲೇಟರನ್ನು ಬಿಟ್ಟು ಪೆಡಲ್ ತುಳಿಯುತ್ತಲೇ ಹೋಗುವುದು ನಡುವಿನ ದೃಷ್ಟಿಯಿಂದ ಎಲ್ಲಕ್ಕಿಂತ ಮೇಲು. ಭಾರ ಕಾಲಿಗೂ ಹಂಚುತ್ತದೆ, ತಗ್ಗು ಕಂಡಾಗ ಎರಡು ಪೆಡಲನ್ನೂ ಸಮಮಟ್ಟಕ್ಕೆ ತಂದು ಒಂದಂಗುಲ ಮೇಲೇಳಲು ಕಾಲು ಸಿದ್ಧವಾಗಿರುತ್ತದೆ. ಆ ಒಂದಂಗುಲ ಮಾಡುವ ಕೆಲಸವನ್ನು ಯಾವ ಶಾಕೂ ಮಾಡಲಾರದು.

ಊಟದ ಡಬ್ಬಿ, ಲ್ಯಾಪ್‌ಟಾಪು ಬೆನ್ನಿಗೆ ನೇತುಹಾಕಿಕೊಂಡರೆ ಅಷ್ಟೂ ಭಾರ ಕೂರುವ ಎಲುಬಿಗೇ ಹೋಗುತ್ತದೆ, ಬೆನ್ನು ಬೆವರುವುದು ಬೇರೆ. ಕ್ಯಾರಿಯರಿನ ಪಕ್ಕಕ್ಕೆ ಚೀಲ ತೂಗುಹಾಕಿ. ಹಿಂದೆ ಮೋಟಾರು, ಅದರ ಮೇಲೆ ಚೀಲ ಎಂದಾದಾಗ ಕಡ್ಡಿಗಳ ಮೇಲೆ ಒತ್ತಡ ಹೆಚ್ಚು. ಹೊಸ ಸೈಕಲ್ಲಿನ ಮೊದಲ ತಿಂಗಳಲ್ಲಿ ಕಡ್ಡಿ ಸಡಿಲವಾಗುತ್ತವೆ. ಒಂದು ಸಲ ಗಾಲಿ ಹೊಂದಿಸುವವರ ಹತ್ತಿರ ಬಿಗಿಸಿಕೊಂಡರೆ ಆಮೇಲೆ ಬಹಳ ದಿನ ತಂಟೆಯಿಲ್ಲ.

ಸವಾರನ ಕೈಯಲ್ಲಿ ಇರುವುದು ಇಷ್ಟು. ಹಂಪ್ಸ್ ಮಾತ್ರ ಅವನ ಕೈಯಲ್ಲಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆಯುಬ್ಬಿಗೆ ಅಳತೆ ಕೊಟ್ಟಿದೆ: ಎತ್ತರ 10 ಸೆಂಟಿಮೀಟರು, ರಸ್ತೆಯ ಉದ್ದಕ್ಕೆ ಅದರ ಹರವು 3.7 ಮೀಟರು. ಗಂಟೆಗೆ 25 ಕಿಲೋಮೀಟರಿನಲ್ಲಿ ಹೋಗುವ ಗಾಡಿ ತೊಂದರೆಯಿಲ್ಲದೆ ದಾಟಲಿ ಎಂದೇ ಲೆಕ್ಕ ಹಾಕಿದ ಅಳತೆ ಅದು. ಬ್ಯಾಟರಿ ಸೈಕಲ್ಲಿಗೆ ಕಾನೂನು ಕೊಟ್ಟ ಗರಿಷ್ಠ ವೇಗವೂ ಅಷ್ಟೇ. ಸರಿಯಾಗಿ ಹಾಕಿದ ಹಂಪ್ಸ್ ಮೇಲೆ ಸೈಕಲ್ಲು ಏರಿ ಇಳಿಯುತ್ತದೆ, ಕುಕ್ಕುವುದಿಲ್ಲ. ನಮ್ಮ ಒಳರಸ್ತೆಗಳಲ್ಲಿ ಕಾಣುವುದು ಒಂದು ಮೊಳ ಅಗಲ, ಒಂದು ಗೇಣು ಎತ್ತರದ ದಿಬ್ಬ, ಬಣ್ಣವಿಲ್ಲ, ಫಲಕವಿಲ್ಲ. ಅಪಘಾತವಾದ ಮರುದಿನ ಓಣಿಯ ಮಂದಿ ಮಕ್ಕಳ ಮೇಲಿನ ಕಾಳಜಿಗೆ ಅವಸರದಲ್ಲಿ ಹಂಪ್ಸ್ ಕೇಳುತ್ತಾರೆ, ರಸ್ತೆ ಕೆಲಸದವರು ಅವಸರದಲ್ಲೇ ಉಳಿದ ಟಾರು ಸುರಿದು ಹೋಗುತ್ತಾರೆ. ಕಾರು ಅದನ್ನು ಹೇಗೋ ದಾಟುತ್ತದೆ, ಏಟು ಬೀಳುವುದು ಸೈಕಲ್ಲಿನವರಿಗೆ, ಬಸುರಿಯರನ್ನು ಹಿಂದೆ ಕೂರಿಸಿಕೊಂಡ ಬೈಕಿನವರಿಗೆ, ಆಟೋದಲ್ಲಿ ಆಸ್ಪತ್ರೆಗೆ ಹೊರಟ ರೋಗಿಗೆ. ಸೆಕ್ಟರಿನವರು ಅರ್ಜಿ ಬರೆಯುವಾಗ ಹಂಪ್ಸ್ ಬೇಕು ಎಂದಷ್ಟಕ್ಕೇ ನಿಲ್ಲಿಸದೆ 10 ಸೆಂಟಿಮೀಟರು, 3.7 ಮೀಟರು ಎಂಬ ಎರಡು ಅಂಕಿಗಳನ್ನೂ ಸೇರಿಸಬೇಕು, ಕೆಲಸ ನಡೆಯುವ ದಿನ ಟೇಪು ಹಿಡಿದು ಅಲ್ಲಿ ನಿಲ್ಲಬೇಕು.